ಅತ್ತ ಸಿಪಾಯಿಯಲ್ಲ, ಇತ್ತ ನಾವಿಕನಲ್ಲ: ವಿಕ್ಟೋರಿಯಾ ಕಾಲದ ಮರೀನ್ ಒಬ್ಬನ ಹಡಗಿನ ಬದುಕು

ಬ್ರಿಟಿಷ್ ಯುದ್ಧನೌಕೆಯಲ್ಲಿ ಕ್ಯಾಪ್ಟನ್ ಕೋಣೆಯ ಬಾಗಿಲಿಗೆ ಹಗಲೂ ರಾತ್ರಿ ಒಬ್ಬ ಕಾವಲು ನಿಂತಿರುತ್ತಿದ್ದ. ಮೈಮೇಲೆ ಕೆಂಪು ಕೋಟು, ಎದೆಗೆ ಬಿಳಿ ಪಟ್ಟಿ, ಕೈಯಲ್ಲಿ ಬಯೊನೆಟ್, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ. ಸುತ್ತ ಕಣ್ಣು ಹಾಯಿಸಿದಷ್ಟೂ ನೀರು. ಶತ್ರು ಬರುವುದಾದರೆ ಇನ್ನೊಂದು ಹಡಗಿನಲ್ಲೇ ಬರಬೇಕು, ಅದು ಗಂಟೆಗಟ್ಟಲೆ ಮೊದಲೇ ಕಾಣುತ್ತದೆ. ಹಾಗಾದರೆ ಈ ಮನುಷ್ಯ ಕ್ಯಾಪ್ಟನ್‌ನನ್ನು ಯಾರಿಂದ ಕಾಯುತ್ತಿದ್ದ?

ಅದೇ ಹಡಗಿನ ನಾವಿಕರಿಂದ.

ಇದೇ ಮರೀನ್‌ನ ಕೆಲಸದ ಮೂಲ. ಅವನು ಹಡಗಿನಲ್ಲಿ ಬದುಕುವ ಸಿಪಾಯಿ. ಹಡಗು ನಡೆಸುವುದು ಅವನ ಕಸುಬಲ್ಲ. ಯುದ್ಧ ಬಂದರೆ ಬಂದೂಕು ಹಿಡಿಯಬೇಕು, ದಡಕ್ಕೆ ಇಳಿಯಬೇಕಾದರೆ ಮೊದಲು ಇಳಿಯಬೇಕು. ಯುದ್ಧ ಇಲ್ಲದ ದಿನಗಳಲ್ಲಿ, ಅಂದರೆ ಬಹುಪಾಲು ದಿನಗಳಲ್ಲಿ, ಅಧಿಕಾರಿಗಳಿಗೂ ನಾವಿಕರಿಗೂ ನಡುವೆ ಗೋಡೆಯಂತೆ ನಿಲ್ಲಬೇಕು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಈ ಅರವತ್ತು ಚಿಲ್ಲರೆ ವರ್ಷಗಳಲ್ಲಿ ಆ ಗೋಡೆಯ ಅಗತ್ಯ ನಿಧಾನಕ್ಕೆ ಇಲ್ಲವಾಯಿತು. ಆದರೆ ಮರೀನ್ ಹೋಗಲಿಲ್ಲ. ಅವನ ಕೆಲಸಗಳ ಪಟ್ಟಿ ಬೆಳೆಯುತ್ತಾ ಹೋಯಿತು. ಅದು ಹೇಗೆ ಅನ್ನುವುದು ಗೊತ್ತಾದರೆ ಒಬ್ಬ ಸಾಮಾನ್ಯ ಮರೀನ್‌ನ ದಿನಚರಿಯಲ್ಲಿ ವಿಚಿತ್ರ ಅನ್ನಿಸುವ ಸಂಗತಿಗಳೆಲ್ಲ ಅರ್ಥವಾಗುತ್ತವೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಹಡಗಿನಲ್ಲಿ ಕಾದಾಡಲೆಂದೇ ಬ್ರಿಟನ್ ಮೊದಲ ಪಡೆ ಕಟ್ಟಿದ್ದು 1664ರಲ್ಲಿ. ಆಮೇಲೆ ಯುದ್ಧ ಬಂದಾಗ ಕಟ್ಟುವುದು, ಮುಗಿದಾಗ ಬಿಡುವುದು ನಡೆದೇ ಇತ್ತು. 1755ರಲ್ಲಿ ಐವತ್ತು ಕಂಪನಿಗಳ, ಅಂದರೆ ಸಿಪಾಯಿ ತುಕಡಿಗಳ, ಕಾಯಂ ಪಡೆ ಆಯಿತು. ಚಾಟಮ್, ಪೋರ್ಟ್ಸ್‌ಮತ್, ಪ್ಲಿಮತ್ ಈ ಮೂರು ಬಂದರುಗಳು ಅದರ ನೆಲೆ. 1797ರಲ್ಲಿ ಸ್ಪಿಟ್‌ಹೆಡ್ ಮತ್ತು ನೋರ್ ಎಂಬಲ್ಲಿ ಲಂಗರು ಹಾಕಿದ್ದ ನೌಕಾಪಡೆಯಲ್ಲೇ ದೊಡ್ಡ ದಂಗೆ ಎದ್ದಿತು. ಸಂಬಳ, ಊಟ, ಹೊಡೆತ ಎಲ್ಲದರ ಮೇಲಿನ ಸಿಟ್ಟು ಒಮ್ಮೆಗೇ ಹೊರಬಂತು. ಕೆಲವು ಹಡಗುಗಳಲ್ಲಿ ಮರೀನ್‌ಗಳೂ ದಂಗೆಕೋರರ ಜೊತೆ ಸೇರಿದ್ದುಂಟು. ಆದರೂ ಅಧಿಕಾರಿಗಳ ಪಕ್ಕ ನಿಂತವರು ಅಂತ ಯಾರನ್ನಾದರೂ ತೋರಿಸಬೇಕಾದರೆ ಅದು ಇವರನ್ನೇ. 1802ರಲ್ಲಿ ದೊರೆ ಮೂರನೇ ಜಾರ್ಜ್ ಇವರಿಗೆ ‘ರಾಯಲ್’ ಪಟ್ಟ ಕೊಟ್ಟ. ಅಲ್ಲಿಂದ ಇವರು ರಾಯಲ್ ಮರೀನ್ಸ್.

ನಾವಿಕರ ಮೇಲೆ ಅಷ್ಟು ಅಪನಂಬಿಕೆ ಯಾಕೆ ಅಂದರೆ, ಅವರು ನೌಕಾಪಡೆಯ ಕಾಯಂ ನೌಕರರೇ ಆಗಿರಲಿಲ್ಲ. ವಿಕ್ಟೋರಿಯಾ ಆಳ್ವಿಕೆಯ ಮೊದಲ ಹದಿನೈದು ವರ್ಷ ನಾವಿಕ ಸೇರುತ್ತಿದ್ದದ್ದು ಒಂದು ಹಡಗಿಗೆ. ಆ ಹಡಗು ಮೂರು ನಾಲ್ಕು ವರ್ಷ ತಿರುಗಾಡಿ ವಾಪಸ್ ಬಂದು ಲೆಕ್ಕ ಚುಕ್ತಾ ಮಾಡಿತೆಂದರೆ ಅವನ ಸಂಬಂಧ ಮುಗಿಯಿತು. ಮುಂದೆ ವ್ಯಾಪಾರಿ ಹಡಗು ಹತ್ತುತ್ತಾನೋ ಊರಿಗೆ ಹೋಗುತ್ತಾನೋ ಅವನಿಷ್ಟ. ಸಮವಸ್ತ್ರವೂ ಇಲ್ಲ. ಮರೀನ್ ಹಾಗಲ್ಲ. ಅವನು ಸೇರಿದ್ದು ಪಡೆಗೆ. ಪ್ರಮಾಣ ಮಾಡಿ ಸೇರಿದವನು. ಹಡಗು ಬಿಟ್ಟರೆ ಅವನಿಗೆ ಬ್ಯಾರಕ್ ಇದೆ, ಅಲ್ಲೂ ಸಂಬಳ ಇದೆ, ಮುಂದಿನ ಹಡಗಿಗೆ ಸರದಿ ಪಟ್ಟಿ ಇದೆ. ಅಷ್ಟು ಜನರಲ್ಲಿ ಕಾಯಂ ಆಗಿ ಸರ್ಕಾರದ ಉಪ್ಪು ತಿನ್ನುತ್ತಿದ್ದ ಸಾಮಾನ್ಯ ಆಳುಗಳೆಂದರೆ ಇವರೇ.

ಯಾರು ಸೇರುತ್ತಿದ್ದರು? ತಮಾಷೆಯೆಂದರೆ ಸಮುದ್ರ ಬಲ್ಲವರು ಕಮ್ಮಿ. ಸೇರಿಸುವ ತಂಡಗಳು ಒಳನಾಡಿನ ಸಂತೆಗಳಿಗೆ, ಪೇಟೆಗಳಿಗೆ ಹೋಗುತ್ತಿದ್ದವು. ಸಾಮರ್ಸೆಟ್, ಡೆವನ್, ಲ್ಯಾಂಕಶೈರ್ ಕಡೆಯ ಕೂಲಿ ಹುಡುಗರು, ನೇಕಾರರು, ಚಮ್ಮಾರರು ಸಿಗುತ್ತಿದ್ದರು. ಸೇರ್ಪಡೆ ಕಾಗದದಲ್ಲಿ ಕಸುಬಿನ ಜಾಗದಲ್ಲಿ ಜಾಸ್ತಿ ಕಾಣುವ ಪದ ‘ಕೂಲಿ’ ಅಂತಲೇ. ಸಹಿ ಬರದವರು ಇಂಟು ಗುರುತು ಹಾಕುತ್ತಿದ್ದರು. ಹಿಂದಿನ ಕಾಲದಲ್ಲಿ ನಾವಿಕರನ್ನು ಬೀದಿಯಲ್ಲಿ ಹಿಡಿದು ಎಳೆದುಕೊಂಡು ಹೋಗುವ ಪದ್ಧತಿ ಇತ್ತಲ್ಲ, ಅದು ಮರೀನ್‌ಗಳಿಗೆ ಇರಲಿಲ್ಲ. ಇವರು ತಾವಾಗಿ ಬಂದವರು. ತಾವಾಗಿ ಅಂದರೆ ಹಸಿವು ಕರೆತಂದ ಅರ್ಥದಲ್ಲಿ.

ಮೊದಮೊದಲು ಸೇರಿದರೆ ಕೊನೆಯೇ ಇಲ್ಲ, ಮೈಯಲ್ಲಿ ಶಕ್ತಿ ಇರುವವರೆಗೂ ದುಡಿಯಬೇಕು. 1847ರ ಕಾಯ್ದೆ ಅದನ್ನು 12 ವರ್ಷಕ್ಕೆ ಇಳಿಸಿತು. 12 ಮುಗಿದ ಮೇಲೆ ಬೇಕಾದರೆ ಮತ್ತೆ ಬರೆದುಕೊಟ್ಟು 21 ವರ್ಷ ಮುಗಿಸಬಹುದು. ಮುಗಿಸಿದರೆ ಪಿಂಚಣಿ. ಆಗಿನ ಕೂಲಿಯವನ ಬದುಕಿನಲ್ಲಿ ಪಿಂಚಣಿ ಅನ್ನುವ ಮಾತೇ ಇರಲಿಲ್ಲ. ಹಾಗಾಗಿ 18ರಲ್ಲಿ ಸೇರಿ 39ಕ್ಕೆ ಪಿಂಚಣಿ ಹಿಡಿದು ಹೊರಬರುವುದು ಸಣ್ಣ ಆಸೆಯೇನಲ್ಲ.

1861ರ ಹೊತ್ತಿಗೆ ಕೆಂಟ್ ಕರಾವಳಿಯ ಡೀಲ್ ಎಂಬಲ್ಲಿ ಹೊಸಬರ ತರಬೇತಿ ಶುರುವಾಯಿತು. ಮೊದಲು ಕವಾಯತು, ಆಮೇಲೆ ಬಂದೂಕು, ಆಮೇಲೆ ತೋಪು. ತೋಪಿನ ಕೆಲಸಕ್ಕೇ ಬೇರೆ ವಿಭಾಗ 1804ರಿಂದ ಇತ್ತು. ಅವರದು ನೀಲಿ ಕೋಟು. ಉಳಿದವರದು ಕೆಂಪು. ಜನ ಅವರನ್ನು ನೀಲಿ ಮರೀನ್, ಕೆಂಪು ಮರೀನ್ ಅಂತಲೇ ಕರೆಯುತ್ತಿದ್ದರು. ನೀಲಿಯವರು ಎತ್ತರದಲ್ಲಿ, ಸಂಬಳದಲ್ಲಿ ಒಂದು ಕೈ ಮೇಲು, ಆ ಜಂಬವೂ ಇತ್ತು. ಅವರಿಗಾಗಿ 1860ರ ದಶಕದಲ್ಲಿ ಪೋರ್ಟ್ಸ್‌ಮತ್ ಪಕ್ಕದ ಈಸ್ಟ್ನಿಯಲ್ಲಿ ಭಾರಿ ಬ್ಯಾರಕ್ ಕಟ್ಟಿದರು. ಎರಡೂ ವಿಭಾಗ ಮತ್ತೆ ಒಂದಾಗಿದ್ದು 1923ರಲ್ಲಿ.

ಕುತ್ತಿಗೆಗೆ ಗಟ್ಟಿ ಚರ್ಮದ ಪಟ್ಟಿ ಕಟ್ಟಿಕೊಳ್ಳಬೇಕಿತ್ತು. ತಲೆ ನೆಟ್ಟಗೆ ನಿಲ್ಲಲಿ ಅಂತ. ಸೆಕೆ ನಾಡುಗಳಲ್ಲಿ ಅದು ಎಂಥ ಹಿಂಸೆ ಅಂತ ಯೋಚಿಸಿ. ಬಿಳಿ ಪಟ್ಟಿಗಳಿಗೆ ದಿನಾ ಬಿಳಿ ಜೇಡಿ ಹಚ್ಚಬೇಕು. ಒಂದು ಮಳೆ ಬಿದ್ದರೆ ಆ ಜೇಡಿಯೆಲ್ಲ ಕೋಟಿನ ಮೇಲೆ ಇಳಿಯುತ್ತಿತ್ತು. ಎಲ್ಲ ಹೊತ್ತಲ್ಲೂ ಈ ವೇಷ ಇರುತ್ತಿರಲಿಲ್ಲ ಅನ್ನುವುದೊಂದೇ ಸಮಾಧಾನ. ಹಡಗಿನ ದಿನಗೆಲಸಕ್ಕೆ ಸರಳ ಬಟ್ಟೆ ಇತ್ತು, ಕಾವಲಿಗೆ ಮತ್ತು ಪರೇಡಿಗೆ ಮಾತ್ರ ಪೂರ್ತಿ ಅಲಂಕಾರ.

ಇನ್ನೊಂದು ಗೋಜಲು ಹೇಳಬೇಕು. ಅವನ ಮೇಲೆ ಎರಡು ಕಾನೂನು. ಬ್ಯಾರಕ್‌ನಲ್ಲಿ ಇರುವಾಗ ದಂಡಿನ ಕಾನೂನು. ಹಡಗಿನ ಪುಸ್ತಕದಲ್ಲಿ ಹೆಸರು ಏರಿದ ಕ್ಷಣದಿಂದ ನೌಕಾಪಡೆಯ ಕಾನೂನು. ಒಂದೇ ತಪ್ಪಿಗೆ ದಡದಲ್ಲಿ ಒಂದು ವಿಚಾರಣೆ, ನೀರಿನಲ್ಲಿ ಇನ್ನೊಂದು. ಅವನ ಮೇಲಧಿಕಾರಿಗಳ ಗತಿಯೂ ಹೀಗೇ ಎರಡು ದೋಣಿ ಮೇಲಿನ ಕಾಲು. ಆಗ ಬ್ರಿಟಿಷ್ ದಂಡಿನಲ್ಲಿ ಅಧಿಕಾರಿ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ಮರೀನ್ಸ್‌ನಲ್ಲಿ ಆಗುತ್ತಿರಲಿಲ್ಲ. ಕೇಳಲು ಒಳ್ಳೆಯದು, ಆದರೆ ಬಡ್ತಿ ಬರೀ ಹಿರಿತನದ ಮೇಲೆ ಸಿಗುತ್ತಿದ್ದರಿಂದ ತಲೆ ನರೆತ ಲೆಫ್ಟಿನೆಂಟ್‌ಗಳು ಬೇಕಾದಷ್ಟು ಜನ ಇದ್ದರು.

ಹಡಗಿಗೆ ಹೋಗುವ ಸರದಿ ಬಂತು ಅನ್ನೋಣ. ಬ್ಯಾರಕ್‌ನಿಂದ ಬಂದರಿನವರೆಗೆ ಬ್ಯಾಂಡಿನ ಜೊತೆ ಸಾಲಾಗಿ ನಡೆದು ಹೋಗಿ ಹತ್ತುತ್ತಾರೆ. ಸಣ್ಣ ಹಡಗಾದರೆ ಇಪ್ಪತ್ತು ಮೂವತ್ತು ಜನ. ದೊಡ್ಡದಾದರೆ ನೂರಕ್ಕೂ ಮೇಲೆ. 1860ರಲ್ಲಿ ನೀರಿಗಿಳಿದ ಕಬ್ಬಿಣದ ಹಡಗು ವಾರಿಯರ್‌ನ ಸುಮಾರು 700 ಜನರಲ್ಲಿ ಮರೀನ್‌ಗಳು ಸುಮಾರು 120. ಆ ಹಡಗು ಈಗಲೂ ಪೋರ್ಟ್ಸ್‌ಮತ್‌ನಲ್ಲಿ ನಿಂತಿದೆ, ಹೋಗಿ ನೋಡಬಹುದು.

ಅವರಿಗೆ ಕೊಡುತ್ತಿದ್ದ ಜಾಗ ನೋಡಿದರೆ ಎಲ್ಲ ತಿಳಿಯುತ್ತದೆ. ಅಧಿಕಾರಿಗಳ ಕೋಣೆಗಳು ಹಡಗಿನ ಹಿಂಭಾಗದಲ್ಲಿ. ನಾವಿಕರು ಮುಂಭಾಗದಲ್ಲಿ. ನಡುವೆ ಮರೀನ್‌ಗಳು. ಆ ಜಾಗಕ್ಕೆ ‘ಬ್ಯಾರಕ್’ ಅಂತಲೇ ಹೆಸರು. ಊಟ ಬೇರೆ, ಮಲಗುವುದು ಬೇರೆ. ನಾವಿಕರ ಜೊತೆ ಬೆರೆಯದಿರಲಿ ಅಂತಲೇ ಈ ಏರ್ಪಾಡು. ಮಲಗಲು ಎಲ್ಲರಿಗೂ ತೂಗುವ ಬಟ್ಟೆ ಹಾಸಿಗೆ. ಒಬ್ಬನಿಗೆ ಲೆಕ್ಕದ ಜಾಗ 14 ಇಂಚು ಅಗಲ. ನಾವಿಕರಲ್ಲಿ ಅರ್ಧ ಜನ ರಾತ್ರಿ ಪಾಳಿಯಲ್ಲಿ ಮೇಲಿರುತ್ತಿದ್ದರು, ಹಾಗಾಗಿ ಪಕ್ಕದ ಹಾಸಿಗೆ ಖಾಲಿ ಇದ್ದು ಉಸಿರಾಡಲು ಜಾಗ ಸಿಗುತ್ತಿತ್ತು.

ಮರೀನ್‌ನ ದಿನದಲ್ಲಿ ಮುಖ್ಯವಾದದ್ದು ಕಾವಲು. ಕ್ಯಾಪ್ಟನ್ ಬಾಗಿಲು ಒಂದು. ಮದ್ದಿನ ಕೋಣೆ ಇನ್ನೊಂದು. ಅಲ್ಲಿ ಒಂದು ಕಿಡಿ ಬಿದ್ದರೂ ಎಲ್ಲರ ಕಥೆ ಮುಗಿಯಿತು. ಕುಡಿಯುವ ನೀರಿನ ಪೀಪಾಯಿ, ಅಡುಗೆ ಒಲೆ, ಕೈದಿಗಳು, ಇವಕ್ಕೂ ಕಾವಲು. ಎಲ್ಲಕ್ಕಿಂತ ಕಷ್ಟದ್ದು ರಮ್ ಇಟ್ಟ ಕೋಣೆಯ ಕಾವಲು. ನೂರಾರು ಜನರ ಕಣ್ಣು ಆ ಬಾಗಿಲ ಮೇಲೆ. ಕಾವಲಿಗೆ ನಿಂತವನ ಕಣ್ಣು ಕೂಡ ಒಮ್ಮೊಮ್ಮೆ ಅಲ್ಲೇ, ಬಿಡಿ. ಹಡಗಿನ ತೀರಾ ಹಿಂತುದಿಯಲ್ಲಿ ಒಬ್ಬ ಜೀವರಕ್ಷಕ ತೆಪ್ಪದ ಪಕ್ಕ ನಿಂತಿರುತ್ತಿದ್ದ. ಯಾರಾದರೂ ನೀರಿಗೆ ಬಿದ್ದರು ಅಂತ ಕೂಗು ಕೇಳಿದರೆ ತಕ್ಷಣ ಹಿಡಿಕೆ ಎಳೆದು ತೆಪ್ಪ ಬಿಡಬೇಕು. ಹಾಯಿಹಡಗು ತಿರುಗಿ ಬರುವಷ್ಟರಲ್ಲಿ ಬಿದ್ದವನು ದೂರ ಉಳಿದಿರುತ್ತಾನೆ. ಹಾಗಾಗಿ ಬೇಸರದ ಈ ಕೆಲಸದಲ್ಲಿ ಒಂದೆರಡು ಕ್ಷಣ ಕಣ್ಣು ಮುಚ್ಚಿದರೂ ಒಂದು ಜೀವ ಹೋಗುತ್ತಿತ್ತು.

ಕಾವಲು ಇಲ್ಲದವರು ಸುಮ್ನೆ ಕೂರುವ ಹಾಗಿಲ್ಲ. ಬೆಳಗಿನ ಜಾವ ಎದ್ದು ಮರದ ನೆಲವನ್ನು ನೀರು, ಮರಳು, ಕಲ್ಲು ಹಾಕಿ ಉಜ್ಜಬೇಕು. ಲಂಗರು ಎತ್ತುವ ರಾಟೆ ತಿರುಗಿಸಬೇಕು, ಹಾಯಿಯ ಹಗ್ಗ ಎಳೆಯಬೇಕು. ಆದರೆ ಒಂದು ನಿಯಮ ಇತ್ತು. ಮರೀನ್‌ನನ್ನು ಕೂವೆ ಮರ ಹತ್ತು ಅಂತ ಬಲವಂತ ಮಾಡುವ ಹಾಗಿಲ್ಲ, ಹತ್ತದಿದ್ದರೆ ಶಿಕ್ಷಿಸುವ ಹಾಗೂ ಇಲ್ಲ. ಮೇಲೆ ಹತ್ತಿ ಹಾಯಿ ಬಿಚ್ಚುವುದು ಕಸುಬುದಾರ ನಾವಿಕನ ಹೆಮ್ಮೆ. ಕೆಳಗೆ ನಿಂತು ಹಗ್ಗ ಜಗ್ಗುವುದು ಯಾರು ಬೇಕಾದರೂ ಮಾಡುವ ಕೆಲಸ. ನಾವಿಕರು ಮರೀನ್‌ಗಳನ್ನು ಹೀಯಾಳಿಸಲು ಇದೊಂದೇ ಸಾಕಿತ್ತು. ಏನೂ ತಿಳಿಯದ ಪೆದ್ದ, ಎಂಥ ಸುಳ್ಳು ಹೇಳಿದರೂ ನಂಬುವವನು ಅಂದರೆ ಮರೀನ್ ಅಂತ ಗಾದೆಯೇ ಇತ್ತು. ಖಾಲಿ ಬಾಟಲಿಗೆ ‘ಸತ್ತ ಮರೀನ್’ ಅಂತ ಹೆಸರಿಟ್ಟಿದ್ದರು.

ಈ ಎಣ್ಣೆ ಸೀಗೆಕಾಯಿ ಸಂಬಂಧ ಪೂರ್ತಿ ಬಯಲಾಗುತ್ತಿದ್ದದ್ದು ಚಾಟಿ ಏಟಿನ ಶಿಕ್ಷೆಯ ದಿನ. ಎಲ್ಲರನ್ನೂ ಮೇಲೆ ಕರೆದು ನಿಲ್ಲಿಸುತ್ತಿದ್ದರು. ತಪ್ಪು ಮಾಡಿದವನನ್ನು ಕಟ್ಟಿ ಹಾಕಿ ಹೊಡೆಯುತ್ತಿದ್ದರು. ಮರೀನ್‌ಗಳು ಬಯೊನೆಟ್ ಸಿಕ್ಕಿಸಿದ ಬಂದೂಕು ಹಿಡಿದು ಸಾಲಾಗಿ ನಿಲ್ಲಬೇಕಿತ್ತು, ನಾವಿಕರ ಕಡೆ ಮುಖ ಮಾಡಿ. ಅಂದು ಕಟ್ಟಿಸಿಕೊಂಡವನು ಮರೀನ್ ಆಗಿದ್ದರೂ ಉಳಿದ ಮರೀನ್‌ಗಳು ನಿಲ್ಲುವ ಜಾಗ ಅದೇ. ಈ ಶಿಕ್ಷೆಯನ್ನು ಶಾಂತಿ ಕಾಲದಲ್ಲಿ 1871ರಲ್ಲಿ, ಯುದ್ಧಕಾಲದಲ್ಲಿ 1879ರಲ್ಲಿ ಅಮಾನತಿನಲ್ಲಿಟ್ಟರು. ಆಮೇಲೆ ಮತ್ತೆ ತರಲೇ ಇಲ್ಲ.

ಊಟದ ವಿಷಯದಲ್ಲಿ ಭೇದ ಇರಲಿಲ್ಲ. ಉಪ್ಪು ಹಾಕಿಟ್ಟ ದನದ ಮಾಂಸ, ಹಂದಿ ಮಾಂಸ, ಒಣ ಬಟಾಣಿ, ಕಲ್ಲಿನಂಥ ಬಿಸ್ಕತ್ತು, ಬೆಳಿಗ್ಗೆ ಕೋಕೋ. ತಾಜಾ ಹಣ್ಣು ತರಕಾರಿ ಸಿಗದೆ ಬರುವ ಸ್ಕರ್ವಿ ರೋಗ ಬಾರದಿರಲಿ ಅಂತ ನಿಂಬೆರಸ. ಮಧ್ಯಾಹ್ನ ನೀರು ಬೆರೆಸಿದ ರಮ್. ಅದರ ಪಾಲು 1824ರಲ್ಲಿ ಅರ್ಧಕ್ಕಿಳಿದಿತ್ತು. 1850ರ ಹೊತ್ತಿಗೆ ಮತ್ತೆ ಅರ್ಧಕ್ಕಿಳಿದು ದಿನಕ್ಕೆ ಸುಮಾರು 70 ಮಿಲಿ ಆಯಿತು. 1847ರಿಂದ ಡಬ್ಬಿ ಮಾಂಸವೂ ಬಂತು. ಆದರೆ 1852ರಲ್ಲಿ ಗಾಸ್ಪೋರ್ಟ್ ಉಗ್ರಾಣದಲ್ಲಿ ಡಬ್ಬಿ ಒಡೆದು ನೋಡಿದಾಗ ಬಹುಪಾಲು ಕೊಳೆತು ನಾರುತ್ತಿತ್ತು. ಒದಗಿಸಿದ್ದು ಗೋಲ್ಡ್ನರ್ ಎಂಬ ಗುತ್ತಿಗೆದಾರ. ಇದೇ ಗೋಲ್ಡ್ನರ್ ಅದಕ್ಕೆ ಏಳು ವರ್ಷ ಮೊದಲು ಒಂದು ದುರದೃಷ್ಟದ ಪ್ರಯಾಣಕ್ಕೂ ಡಬ್ಬಿ ಕೊಟ್ಟಿದ್ದ.

ಆ ಪ್ರಯಾಣದಿಂದಲೇ ಒಬ್ಬ ಸಾಮಾನ್ಯ ಮರೀನ್‌ನ ಮುಖ ನಮಗೆ ಕಂಡಿದೆ. ಹೆಸರು ವಿಲಿಯಂ ಬ್ರೇನ್. ಸಾಮರ್ಸೆಟ್ ಕಡೆಯವನು, ಕೆಳಗಿನ ದರ್ಜೆಯ ಸಿಪಾಯಿ. 1845ರ ಮೇ ತಿಂಗಳಲ್ಲಿ ನೌಕಾಪಡೆಯ ಅಧಿಕಾರಿ ಸರ್ ಜಾನ್ ಫ್ರಾಂಕ್ಲಿನ್ ಕೆನಡಾದ ಉತ್ತರದ ಹಿಮಸಮುದ್ರದ ಮೂಲಕ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ದಾರಿ ಹುಡುಕಿಕೊಂಡು ಎರೆಬಸ್, ಟೆರರ್ ಎಂಬ ಎರಡು ಹಡಗುಗಳಲ್ಲಿ ಹೊರಟ. ಅದು ಯುದ್ಧವಲ್ಲ, ಅನ್ವೇಷಣೆ. ಆದರೂ ಎರಡು ಹಡಗಿಗೂ ಪುಟ್ಟ ಮರೀನ್ ತಂಡ ಜೊತೆಗಿತ್ತು. ಬ್ರೇನ್ ಎರೆಬಸ್‌ನಲ್ಲಿದ್ದ. ಮಂಜುಗಡ್ಡೆಯ ನಡುವೆ, ಮನುಷ್ಯರ ಸುಳಿವಿಲ್ಲದ ಕಡೆ ಮರೀನ್ ಯಾಕೆ? ಶತ್ರುವಿಗಂತೂ ಅಲ್ಲ. ಕತ್ತಲಲ್ಲಿ ತಿಂಗಳುಗಟ್ಟಲೆ ಒಂದೇ ಕಡೆ ಸಿಕ್ಕಿಬಿದ್ದ ಜನರಲ್ಲಿ ಶಿಸ್ತು ತಪ್ಪಬಾರದು, ಆಹಾರಕ್ಕೆ ಕಾವಲು ಬೇಕು, ಬೇಟೆಗೆ ಬಂದೂಕು ಬಲ್ಲವರು ಬೇಕು.

ಮೊದಲ ಚಳಿಗಾಲವನ್ನು ಅವರು ಕೆನಡಾದ ಉತ್ತರದ ಬೀಚಿ ದ್ವೀಪದ ಹತ್ತಿರ ಕಳೆದರು. ಅಲ್ಲಿ ಮೂವರು ಸತ್ತರು. ಮೂರನೆಯವನೇ ಬ್ರೇನ್. 1846ರ ಏಪ್ರಿಲ್ 3, ಸಮಾಧಿ ಹಲಗೆಯ ಪ್ರಕಾರ ವಯಸ್ಸು 32. ಹಲಗೆಯ ಮೇಲೆ ಬೈಬಲ್ಲಿನ ಒಂದು ಸಾಲು ಕೆತ್ತಿದ್ದರು: ಯಾರ ಸೇವೆ ಮಾಡುತ್ತೀರಿ ಅನ್ನುವುದನ್ನು ಇವತ್ತೇ ಆರಿಸಿಕೊಳ್ಳಿ. ಸಿಪಾಯಿಯ ಸಮಾಧಿಗೆ ಇದನ್ನೇ ಯಾಕೆ ಆರಿಸಿದರೋ, ಜನ ಇವತ್ತಿಗೂ ತಲೆ ಕೆಡಿಸಿಕೊಳ್ಳುತ್ತಾರೆ.

1986ರಲ್ಲಿ ಕೆನಡಾದ ಮಾನವಶಾಸ್ತ್ರಜ್ಞ ಓವನ್ ಬೀಟಿ ಅವರ ತಂಡ ಆ ಹೆಪ್ಪುಗಟ್ಟಿದ ಮಣ್ಣನ್ನು ಅಗೆದು ತೆಗೆಯಿತು. ದೇಹ ಹಾಗೇ ಇತ್ತು. ಮುಖದ ಮೇಲೆ ಕೆಂಪು ಕರವಸ್ತ್ರ ಹೊದಿಸಿದ್ದರು. ತೂಕ 40 ಕಿಲೋ ಕೂಡ ಇರಲಿಲ್ಲ. ಕ್ಷಯ ಮೈ ತಿಂದಿತ್ತು. ಒಳಅಂಗಿಯನ್ನು ಹಿಂದುಮುಂದಾಗಿ ತೊಡಿಸಿದ್ದರು. ಮೈಮೇಲೆ ಇಲಿ ಕಡಿದ ಗುರುತುಗಳಿದ್ದವು. ಅಂದರೆ ಸತ್ತ ಮೇಲೆ ಹೂಳುವ ಮೊದಲು ಹೆಣ ಹಡಗಿನಲ್ಲಿ ಕೆಲವು ಕಾಲ ಬಿದ್ದಿತ್ತು. ದೇಹದಲ್ಲಿ ಸೀಸದ ಅಂಶ ಜಾಸ್ತಿ ಇತ್ತು. ಅದು ಗೋಲ್ಡ್ನರ್ ಡಬ್ಬಿಗಳ ಬೆಸುಗೆಯಿಂದ ಬಂತೇ ಅಥವಾ ಆ ಕಾಲದ ಎಲ್ಲರ ಮೈಯಲ್ಲೂ ಅಷ್ಟು ಇದ್ದೇ ಇತ್ತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮುಂದೆ ಆ ಎರಡು ಹಡಗಿನ 129 ಜನರಲ್ಲಿ ಒಬ್ಬರೂ ಬದುಕಿ ಬರಲಿಲ್ಲ. ಎರೆಬಸ್ ಸಿಕ್ಕಿದ್ದು 2014ರಲ್ಲಿ, ಟೆರರ್ 2016ರಲ್ಲಿ.

ಬ್ರೇನ್‌ನಂತೆ ಮರೀನ್‌ಗಳನ್ನು ಕೊಂದದ್ದು ಬಹುಪಾಲು ರೋಗವೇ, ಗುಂಡಲ್ಲ. ಅದರಲ್ಲೂ ಪಶ್ಚಿಮ ಆಫ್ರಿಕಾ. ಗುಲಾಮರ ಹಡಗುಗಳನ್ನು ಹಿಡಿಯಲು ಬ್ರಿಟನ್ ಅಲ್ಲಿ 1808ರಿಂದ ಗಸ್ತು ಇಟ್ಟಿತ್ತು. ಆ ಗಸ್ತಿನಿಂದ ಸುಮಾರು ಒಂದೂವರೆ ಲಕ್ಷ ಜನ ಸೆರೆಯಿಂದ ಬಿಡುಗಡೆಯಾದರು ಅನ್ನುವುದು ಒಪ್ಪಿತ ಅಂದಾಜು. ಆದರೆ ಹೊಳೆಬಾಯಿಗಳಲ್ಲಿ ಲಂಗರು ಹಾಕಿದ ಹಡಗಿಗೆ ಜ್ವರ ಹತ್ತುತ್ತಿತ್ತು. 1845ರಲ್ಲಿ ಎಕ್ಲೇರ್ ಎಂಬ ಹಬೆ ಹಡಗಿಗೆ ಹಳದಿ ಜ್ವರ ನುಗ್ಗಿ ಹತ್ತಿರಹತ್ತಿರ ಅರ್ಧ ಜನ ಸತ್ತರು, ಕ್ಯಾಪ್ಟನ್ ಸಹಿತ. ಸೊಳ್ಳೆ ಕಾರಣ ಅಂತ ಯಾರಿಗೂ ಗೊತ್ತಿರಲಿಲ್ಲ. ಕೆಟ್ಟ ಗಾಳಿ ಅಂತ ನಂಬಿದ್ದರು. 1854ರಲ್ಲಿ ಡಾಕ್ಟರ್ ಬೈಕಿ ಎಂಬಾತ ಕ್ವಿನೈನ್ ಕುಡಿಸುತ್ತಾ ನೈಜರ್ ನದಿಯಲ್ಲಿ ಹೋಗಿ ಒಬ್ಬರೂ ಸಾಯದೆ ವಾಪಸ್ ಬಂದ ಮೇಲೆ ಮಲೇರಿಯಾಕ್ಕಾದರೂ ಒಂದು ದಾರಿ ಸಿಕ್ಕಿತು.

ಗುಂಡಿನ ಕೆಲಸವೂ ಇದ್ದೇ ಇತ್ತು. ಸಾಮ್ರಾಜ್ಯಕ್ಕೆ ಎಲ್ಲಿ ಗಲಾಟೆ ಆದರೂ ಹತ್ತಿರದ ಹಡಗು, ಅದರಲ್ಲಿನ ಮರೀನ್‌ಗಳು. ದಂಡು ಕಳಿಸಲು ತಿಂಗಳುಗಳೇ ಬೇಕು, ಇವರು ಅಲ್ಲೇ ಇರುತ್ತಾರೆ. ಟ್ರಿಂಕೋಮಲಿ ಎಂಬ ಹಡಗನ್ನೇ ತಗೊಳ್ಳಿ. ಅದನ್ನು 1817ರಲ್ಲಿ ಬೊಂಬಾಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ್ದು, ಅಂದರೆ ನಮ್ಮ ಪಶ್ಚಿಮ ಘಟ್ಟದ ಮರ. ಆ ಮರ ಎಷ್ಟು ಗಟ್ಟಿ ಅಂದರೆ ಇವತ್ತಿಗೂ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. 1856ರಲ್ಲಿ ಅದು ಕೆನಡಾದ ಪಶ್ಚಿಮ ತೀರದಲ್ಲಿತ್ತು. ವ್ಯಾಂಕೂವರ್ ದ್ವೀಪದ ಮೂಲನಿವಾಸಿಗಳಾದ ಕೌವಿಚನ್ ಜನರಲ್ಲೊಬ್ಬ ಒಬ್ಬ ಬಿಳಿಯನಿಗೆ ಗುಂಡು ಹೊಡೆದ. ಗಾಯಗೊಂಡವನು ಸಾಯಲಿಲ್ಲ. ಆದರೂ ಗವರ್ನರ್ ಡಗ್ಲಸ್ ಈ ಹಡಗಿನಲ್ಲಿ ಸುಮಾರು ನಾನೂರು ನಾವಿಕರು ಮತ್ತು ಮರೀನ್‌ಗಳನ್ನು ಕರೆದುಕೊಂಡು ಹೋಗಿ, ಆರೋಪಿಯನ್ನು ಅವನ ಜನರೆದುರೇ ವಿಚಾರಣೆ ಮಾಡಿ ಗಲ್ಲಿಗೆ ಹಾಕಿಸಿದ. ಶಿಸ್ತಿನ ಸಾಲು ನಿಲ್ಲಿಸಿದರೆ ಸಾಕು, ಎದುರಿನವರು ಹೆದರುತ್ತಾರೆ ಅನ್ನುವ ಲೆಕ್ಕ. ಹಡಗಿನೊಳಗೆ ನಾವಿಕರ ಎದುರು ಮಾಡುತ್ತಿದ್ದದ್ದನ್ನೇ ಮರೀನ್‌ಗಳು ಇಲ್ಲಿ ದಡದಲ್ಲಿ ಮಾಡಿದರು.

ರಷ್ಯಾ ವಿರುದ್ಧ ನಡೆದ ಕ್ರಿಮಿಯಾ ಯುದ್ಧದಲ್ಲಿ ಹಡಗುಗಳಿಂದ ಇಳಿದ ಮರೀನ್‌ಗಳು ಬಾಲಕ್ಲಾವಾ ಬಂದರಿನ ಮೇಲಿನ ಗುಡ್ಡಗಳನ್ನು ಹಿಡಿದು ಕೂತಿದ್ದರು. 1854ರ ನವೆಂಬರ್ 5ರಂದು ಇಂಕರ್‌ಮನ್‌ನಲ್ಲಿ ಕಾರ್ಪೊರಲ್ ಜಾನ್ ಪ್ರೆಟಿಜಾನ್ಸ್‌ನ ಸಣ್ಣ ತಂಡಕ್ಕೆ ಗುಂಡು ಖಾಲಿಯಾಗುತ್ತಾ ಬಂತು. ಕೆಳಗಿನಿಂದ ರಷ್ಯನ್ನರು ಸಾಲಾಗಿ ಹತ್ತಿ ಬರುತ್ತಿದ್ದರು. ಈತ ಕಲ್ಲು ಗುಡ್ಡೆ ಹಾಕಿಕೊಳ್ಳಿ ಅಂದ. ಮೊದಲು ಬಂದವನನ್ನು ಡೆವನ್ ಕಡೆಯ ಕುಸ್ತಿ ಪಟ್ಟು ಹಾಕಿ ಎತ್ತಿ ಹಿಂದಿನವರ ಮೇಲೆ ಒಗೆದ. ಉಳಿದವರು ಕಲ್ಲಿನ ಮಳೆ ಸುರಿಸಿದರು. ಶೌರ್ಯಕ್ಕೆ ಬ್ರಿಟನ್ ಕೊಡುವ ಅತಿ ದೊಡ್ಡ ಪದಕ ವಿಕ್ಟೋರಿಯಾ ಕ್ರಾಸ್ ಹುಟ್ಟಿದಾಗ ಅದನ್ನು ಪಡೆದ ಮೊದಲ ಮರೀನ್ ಇವನೇ.

1857ರಲ್ಲಿ ಭಾರತದ ದಂಗೆಯ ಸುದ್ದಿ ತಲುಪಿದಾಗ ಶಾನನ್ ಎಂಬ ಹಡಗು ಚೀನಾ ಕಡೆಯಲ್ಲಿತ್ತು. ಕ್ಯಾಪ್ಟನ್ ವಿಲಿಯಂ ಪೀಲ್ ಅದನ್ನು ಕಲ್ಕತ್ತಾಕ್ಕೆ ತಂದು, ಹಡಗಿನ ಭಾರಿ ತೋಪುಗಳನ್ನೇ ಇಳಿಸಿ, ನಾವಿಕರು ಮತ್ತು ಮರೀನ್‌ಗಳ ಜೊತೆ ಗಂಗೆಯ ಗುಂಟ ಅಲಹಾಬಾದ್, ಕಾನ್ಪುರ, ಲಖನೌವರೆಗೆ ಎಳೆಸಿಕೊಂಡು ಹೋದ. ಸಮುದ್ರದಿಂದ ನೂರಾರು ಮೈಲಿ ಒಳಗೆ, ಬಿಸಿಲಲ್ಲಿ, ಹಡಗಿನ ತೋಪು. ಇವರೇ 1864ರಲ್ಲಿ ಜಪಾನಿನ ಶಿಮೊನೊಸೆಕಿ, 1882ರಲ್ಲಿ ಈಜಿಪ್ಟಿನ ತೆಲ್ ಎಲ್ ಕೆಬಿರ್‌ನಲ್ಲೂ ಕಾಣುತ್ತಾರೆ. 1885ರ ಜನವರಿಯಲ್ಲಿ ಸೂಡಾನಿನ ಅಬು ಕ್ಲೀ ಕಾಳಗದಲ್ಲಂತೂ ಒಂದು ಮರೀನ್ ಕಂಪನಿ ಒಂಟೆ ಮೇಲೆ ಬಂದಿತ್ತು. ಸಮುದ್ರದ ಸಿಪಾಯಿಗಳು ಒಂಟೆಯ ಮೇಲೆ!

ಇಷ್ಟರಲ್ಲಿ ಹಡಗಿನೊಳಗೆ ಮರೀನ್‌ನ ಮೂಲ ಕೆಲಸ ಕರಗುತ್ತಿತ್ತು. 1853ರಲ್ಲಿ ನಾವಿಕರಿಗೂ ಹತ್ತು ವರ್ಷದ ಕಾಯಂ ಸೇವೆ ಬಂತು. 1857ರಲ್ಲಿ ಅವರಿಗೂ ಸಮವಸ್ತ್ರ ಬಂತು. ಹುಡುಗರಾಗಿದ್ದಾಗಲೇ ತರಬೇತಿ ಹಡಗಿಗೆ ಸೇರಿಸಿ ಬೆಳೆಸತೊಡಗಿದರು. ಚಾಟಿ ಹೋಯಿತು. ದಂಗೆಯ ಭಯವೂ ಹೋಯಿತು. ಈಗ ಕ್ಯಾಪ್ಟನ್‌ನನ್ನು ಯಾರಿಂದ ಕಾಯಬೇಕು? ಹಾಯಿಯೂ ಹೋಗಿ ಹಬೆ ಬಂದಾಗ ಹಗ್ಗ ಎಳೆಯುವ ಕೈಗಳೂ ಅಷ್ಟೊಂದು ಬೇಡವಾದವು.

ನಮ್ಮ ಅಪಾರ್ಟ್‌ಮೆಂಟಿನ ಗೇಟು ಕಾಯಲು ಬಂದ ಸೆಕ್ಯೂರಿಟಿಯವರು ಬರಬರುತ್ತಾ ಪಾರ್ಸೆಲ್ ಇಸಕೊಳ್ಳುವುದು, ಪಂಪು ಹಾಕುವುದು, ಗಿಡಕ್ಕೆ ನೀರು ಬಿಡುವುದು ಎಲ್ಲ ಮಾಡುತ್ತಾರಲ್ವಾ, ಹಾಗೇ ಆಯಿತು. ಕಾವಲಿನ ಸಾಲು ಕಮ್ಮಿಯಾದಂತೆ ಬೇರೆ ಕೆಲಸಗಳು ಮರೀನ್‌ಗಳ ತಲೆಗೆ ಬಂದವು. ಅಧಿಕಾರಿಗಳ ಸೇವಕ, ಊಟ ಬಡಿಸುವವನು, ಹಡಗಿನ ಕಟುಕ, ಕ್ಷೌರಿಕ, ದೀಪ ನೋಡಿಕೊಳ್ಳುವವನು, ಅಂಚೆ ತರುವವನು, ಹೀಗೆ. ಅಧಿಕಾರಿಯ ಸೇವಕನಾದರೆ ಮೇಲುಕಾಸು ಸಿಗುತ್ತಿತ್ತು, ಕಾವಲೂ ತಪ್ಪುತ್ತಿತ್ತು. ಹಾಗಾಗಿ ಅದಕ್ಕೆ ಪೈಪೋಟಿ. ಇದನ್ನು ಕೆಲವರು ಪಡೆಗೆ ಅವಮಾನ ಅಂತ ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹನ್ನೆರಡು ವರ್ಷ ಬಾಗಿಲ ಮುಂದೆ ನಿಲ್ಲುವುದಕ್ಕಿಂತ ಕ್ಷೌರ ಮಾಡಿ ನಾಲ್ಕು ಕಾಸು ನೋಡುವುದು ಮೇಲು ಅಂತ ಲೆಕ್ಕ ಹಾಕಿದವನು ದಡ್ಡನಲ್ಲ.

ಘನತೆ ಉಳಿಸಿದ್ದು ತೋಪು. ಮರೀನ್‌ಗಳು ಮೊದಲಿಂದಲೂ ನಾವಿಕರ ಜೊತೆ ತೋಪಿಗೆ ಕೈ ಹಾಕುತ್ತಿದ್ದವರೇ. ದೊಡ್ಡ ತೋಪುಗಳ ಕಾಲ ಬಂದಾಗ ಹಡಗಿನ ಕೆಲವು ತೋಪುಗಳನ್ನು ಪೂರ್ತಿ ಇವರಿಗೇ ಬಿಟ್ಟುಕೊಡುವ ಪದ್ಧತಿ ಗಟ್ಟಿಯಾಯಿತು. ಪಕ್ಕದ ತೋಪಿನ ನಾವಿಕರಿಗಿಂತ ಬೇಗ, ಗುರಿ ತಪ್ಪದೆ ಹೊಡೆಯಬೇಕು ಅನ್ನುವ ಹಟ. ಹಳೆಯ ದ್ವೇಷ ಈಗ ಪಂದ್ಯವಾಯಿತು.

ಹಳೆಯ ಶಿಸ್ತು ಹೋಗಿರಲಿಲ್ಲ ಅನ್ನುವುದಕ್ಕೆ 1893ರ ಜೂನ್ 22 ಇದೆ. ಮೆಡಿಟರೇನಿಯನ್ ನೌಕಾದಳದ ಮುಖ್ಯ ಹಡಗು ವಿಕ್ಟೋರಿಯಾ, ಲೆಬನಾನಿನ ಟ್ರಿಪೋಲಿ ಹತ್ತಿರ, ಅಡ್ಮಿರಲ್ ಟ್ರಯಾನ್ ಕೊಟ್ಟ ತಪ್ಪು ಆದೇಶದಿಂದ ತಮ್ಮದೇ ಹಡಗು ಕ್ಯಾಂಪರ್‌ಡೌನ್‌ಗೆ ಡಿಕ್ಕಿಯಾಗಿ ಮುಳುಗಿತು. ಟ್ರಯಾನ್ ಸೇರಿ 358 ಜನ ಸತ್ತರು. ಹಡಗು ವಾಲುತ್ತಿದ್ದಾಗ ಮರೀನ್‌ಗಳು ಮೇಲೆ ಸಾಲು ಕಟ್ಟಿ ನಿಂತೇ ಇದ್ದರು. ಇಂಗ್ಲೆಂಡಿನ ಪತ್ರಿಕೆಗಳು ಇದನ್ನು ಹಾಡಿ ಹೊಗಳಿದವು. ಹಾರಲು ಇನ್ನೂ ಸ್ವಲ್ಪ ಮೊದಲೇ ಬಿಟ್ಟಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ ಅಂತ ನಾನು ಯೋಚಿಸುತ್ತೇನೆ.

ಸಂಬಳ ಏನು? ಸಾಮಾನ್ಯ ಮರೀನ್‌ಗೆ ದಡದಲ್ಲಿ ದಿನಕ್ಕೆ ಹೆಚ್ಚೂಕಮ್ಮಿ ಒಂದು ಶಿಲ್ಲಿಂಗ್, ಅಂದರೆ ಹನ್ನೆರಡು ಪೆನ್ನಿ. ಹಡಗಿನಲ್ಲಿ ಊಟ ಹಡಗಿನದೇ ಆದ್ದರಿಂದ ಅದಕ್ಕಿಂತ ಕಡಿಮೆ. ಒಳ್ಳೆ ನಡತೆಗೆ ತೋಳಿನ ಮೇಲೊಂದು ಪಟ್ಟಿ, ಪಟ್ಟಿಗೆ ದಿನಕ್ಕೊಂದು ಪೆನ್ನಿ. ಮದುವೆಯಾಗಲು ಮೇಲಧಿಕಾರಿಯ ಒಪ್ಪಿಗೆ ಬೇಕು. ಹೆಂಡತಿಗೆ ಸಂಬಳದ ಒಂದು ಪಾಲು ಬರೆದುಕೊಟ್ಟು ಹೋಗಬಹುದಿತ್ತು, ಆದರೆ ಅದರಲ್ಲಿ ಮನೆ ನಡೆಯುತ್ತಿರಲಿಲ್ಲ. ಬಂದರು ಊರುಗಳಲ್ಲಿ ಬಟ್ಟೆ ಒಗೆದು, ಹೊಲಿಗೆ ಹಾಕಿ ಮಕ್ಕಳನ್ನು ಸಾಕಿದವರು ಇವರ ಹೆಂಡಂದಿರು. ಗಂಡ ಮೂರು ನಾಲ್ಕು ವರ್ಷ ಮನೆ ಕಡೆ ಬರುತ್ತಿರಲಿಲ್ಲ. ಕೈಗೂಸು ಬಿಟ್ಟು ಹೋದವನು ವಾಪಸ್ ಬಂದಾಗ ಮಗು ಅವನನ್ನು ಕಂಡು ಅಮ್ಮನ ಹಿಂದೆ ಅಡಗುವುದು ಮಾಮೂಲು.

21 ವರ್ಷ ಮುಗಿಸಿ ಬಂದವನ ವಯಸ್ಸು ನಲವತ್ತು. ಪಿಂಚಣಿ ಒಂದರಲ್ಲೇ ಬದುಕುವುದು ಕಷ್ಟ. ಹಾಗಾಗಿ ಇನ್ನೊಂದು ಕೆಲಸ ಹಿಡಿಯಲೇಬೇಕು. ಅಂಗಹೀನರಾದವರಿಗೆ, ಮುದುಕರಿಗೆ 1869ರವರೆಗೆ ಗ್ರೀನ್‌ವಿಚ್ ಆಸ್ಪತ್ರೆಯಲ್ಲಿ ನಾವಿಕರ ಜೊತೆಗೇ ಊಟ ವಸತಿ ಇತ್ತು. ಮೈ ಗಟ್ಟಿ ಇದ್ದವರಿಗೆ 1859ರಲ್ಲಿ ಲಂಡನ್ನಿನಲ್ಲಿ ಕ್ಯಾಪ್ಟನ್ ಎಡ್ವರ್ಡ್ ವಾಲ್ಟರ್ ಶುರು ಮಾಡಿದ ಕೋರ್ ಆಫ್ ಕಮಿಷನೇರ್ಸ್ ಸಂಘ ಒಂದು ದಾರಿಯಾಯಿತು. ನಿವೃತ್ತ ಸಿಪಾಯಿ, ನಾವಿಕ, ಮರೀನ್‌ಗಳಿಗೆ ಅದು ಸಮವಸ್ತ್ರ ಕೊಟ್ಟು ಆಫೀಸುಗಳ ಬಾಗಿಲು ಕಾಯಲು, ಓಲೆ ಮುಟ್ಟಿಸಲು ಕಳಿಸುತ್ತಿತ್ತು.

ಇಂಥ ಒಬ್ಬೊಬ್ಬರ ಬದುಕನ್ನೂ ಇವತ್ತು ಹುಡುಕಿ ನೋಡಬಹುದು. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ರಾಯಲ್ ಮರೀನ್ಸ್ ಕಾಗದಗಳು ಎಡಿಎಂ 157, 158, 159 ಎಂಬ ಮೂರು ಸಾಲಿನಲ್ಲಿವೆ. 157ರಲ್ಲಿ ಸೇರ್ಪಡೆ ಕಾಗದ. 158ರಲ್ಲಿ ಎತ್ತರ, ಕೂದಲು, ಕಣ್ಣಿನ ಬಣ್ಣ, ಊರು. 159ರಲ್ಲಿ ಸೇವೆಯ ವಿವರ: ಯಾವ ಹಡಗು, ಯಾವತ್ತಿನಿಂದ ಯಾವತ್ತಿನವರೆಗೆ, ನಡತೆ ಹೇಗಿತ್ತು, ಯಾವ ಕಾಳಗದಲ್ಲಿದ್ದ. ಇಡೀ ಇಪ್ಪತ್ತೊಂದು ವರ್ಷ ಎಷ್ಟೋ ಸಲ ಒಂದೇ ಹಾಳೆಯಲ್ಲಿ ಹಿಡಿದಿರುತ್ತದೆ. 1884ರಿಂದ ಪ್ರತಿಯೊಬ್ಬನಿಗೂ ನೆಲೆಯ ಅಕ್ಷರದ ಜೊತೆ ಒಂದು ಸಂಖ್ಯೆ ಕೊಟ್ಟರು: ಚಾಟಮ್‌ನವನಿಗೆ ಸಿಎಚ್, ಪೋರ್ಟ್ಸ್‌ಮತ್‌ನವನಿಗೆ ಪಿಒ, ಪ್ಲಿಮತ್‌ನವನಿಗೆ ಪಿಎಲ್‌ವೈ. ಈ ಸಂಖ್ಯೆ ಗೊತ್ತಿದ್ದರೆ ಹುಡುಕಾಟ ಸಲೀಸು. ಅದಕ್ಕೂ ಮೊದಲಿನವನಾದರೆ ಅವನು ಯಾವ ನೆಲೆಗೆ ಸೇರಿದ್ದ ಅನ್ನುವುದನ್ನು ಮೊದಲು ಹಿಡಿಯಬೇಕು, ಯಾಕೆಂದರೆ ಮರೀನ್‌ನ ಕಾಗದಗಳನ್ನು ಜೋಡಿಸಿದ್ದು ಹಡಗಿನ ಹೆಸರಲ್ಲಲ್ಲ, ನೆಲೆಯ ಹೆಸರಲ್ಲಿ.